ಅಪ್‌ಡೇಟ್: ಗರ್ಭ ಧರಿಸುವ ಮೊದಲು ಮಾತ್ರೆ ಬಿಡಬೇಕೇ ಎಂದು ಕೇಳಿದ್ದೆ

ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನಲ್ಲಿ ಉರಿಯೂತ ಮತ್ತು ಹುಣ್ಣಾಗುವ ಕಾಯಿಲೆ) ಮೆಸಲಮೈನ್ ಮತ್ತು ಅಜಾಥಯೋಪ್ರಿನ್ ತೆಗೆದುಕೊಳ್ಳುತ್ತಿದ್ದೇನೆ, ಮಗು ಬೇಕೆಂದರೆ ಇವನ್ನು ನಿಲ್ಲಿಸಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ನಾನು ಋಣಿ.

ನಿಮ್ಮ ಮಾತು ಕೇಳುವ ಮೊದಲೇ ಒಂದು ತಪ್ಪು ಮಾಡಿದೆ. ಅತ್ತೆಯವರ ಆತಂಕ ನೋಡಲಾರದೆ ಮೂರು ವಾರ ಮಾತ್ರೆ ಬಿಟ್ಟೆ. ಮಲದಲ್ಲಿ ಮತ್ತೆ ರಕ್ತ ಕಾಣಿಸಿಕೊಂಡಿತು. ಆ ಬೆಳಗಿನ ಭಯ ಇನ್ನೂ ಹೋಗಿಲ್ಲ.

ವೈದ್ಯರು ಬೈಯಲಿಲ್ಲ. ಅತ್ತೆಯವರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು: ಹೆಚ್ಚಿನ ಅಪಾಯ ಈ ಎರಡು ಮಾತ್ರೆಗಳಿಂದಲ್ಲ, ಕರುಳಿನ ಉರಿಯೂತ ಕೆರಳಿರುವಾಗ ಗರ್ಭ ಧರಿಸುವುದರಿಂದ. ಆಗ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಇವುಗಳ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಎರಡನ್ನೂ ಮುಂದುವರಿಸಲು ಹೇಳಿದರು. ಕರುಳಿನ ಉರಿಯೂತಕ್ಕೆ ಕೆಲವರಿಗೆ ಕೊಡುವ ಇನ್ನೊಂದು ಔಷಧ ಮೆಥೊಟ್ರೆಕ್ಸೇಟ್ ಆಗಿದ್ದರೆ ಮಾತೇ ಬೇರೆ. ಅದು ಭ್ರೂಣಕ್ಕೆ ಹಾನಿಕರ, ತಿಂಗಳುಗಳ ಮುಂಚೆಯೇ ವೈದ್ಯರ ಮೇಲ್ವಿಚಾರಣೆಯಲ್ಲಿ ನಿಲ್ಲಿಸಬೇಕು. ಇದೇ ಕಾಯಿಲೆಗೆ ಕೊಡುವ ಸಲ್ಫಾಸಲಜೀನ್ ಎಂಬ ಮಾತ್ರೆ ತೆಗೆದುಕೊಳ್ಳುವ ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಬಹುದಂತೆ, ಬಿಟ್ಟರೆ ಸರಿಹೋಗುತ್ತದೆ. ಇದನ್ನು ಇಲ್ಲಿ ಕೇಳಿದ್ದ ಸಹೋದರರಿಗಾಗಿ ಬರೆಯುತ್ತಿದ್ದೇನೆ.

ರೋಗ 6 ತಿಂಗಳು ಶಾಂತವಾಗಿರಲಿ, ಆಮೇಲೆ ಪ್ರಯತ್ನಿಸಿ ಎಂದಿದ್ದಾರೆ. ಈಗ 4 ತಿಂಗಳಾಯಿತು. ಕರುಳಿನ ಉರಿಯೂತ ಎಷ್ಟಿದೆ ಎಂದು ತೋರಿಸುವ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪ್ರಮಾಣ ಇಳಿದಿದೆ, ಫೋಲಿಕ್ ಆಮ್ಲವೂ ಶುರುವಾಗಿದೆ. ರಾತ್ರಿ ಊಟವಾದ ಮೇಲೆ ಮಾತ್ರೆಯ ಡಬ್ಬಿ ತಂದಿಡುವವರು ಈಗ ಅತ್ತೆಯವರೇ.