ನಾಯಿಯ ಟಿ4 ಕಡಿಮೆ, ಟಿಎಸ್‌ಎಚ್ ಬಹುತೇಕ ಸೊನ್ನೆ: ಥೈರಾಯ್ಡ್ ವರದಿ ನಂಬಬಹುದೇ?

ಪ್ರಶ್ನೆ: 7 ವರ್ಷದ ಲ್ಯಾಬ್ರಡಾರ್. ತೂಕ ಏರುತ್ತಿದೆ, ಬಾಲದ ಕೂದಲು ಉದುರಿದೆ. ಮೂರ್ಛೆರೋಗಕ್ಕೆ ಫಿನೋಬಾರ್ಬಿಟಾಲ್ ಕೊಡುತ್ತಿದ್ದೇವೆ. ಮನುಷ್ಯರ ಲ್ಯಾಬಿನಲ್ಲಿ ಮಾಡಿಸಿದ ವರದಿ: ಒಟ್ಟು ಟಿ4 (ಥೈರಾಯ್ಡ್ ಗ್ರಂಥಿಯ ಹಾರ್ಮೋನ್) 0.8 ಮೈಕ್ರೋಗ್ರಾಂ/ಡೆಸಿಲೀಟರ್, ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ, ಅದು ಕುಗ್ಗಿದಾಗ ಸಾಮಾನ್ಯವಾಗಿ ಏರುವ ಹಾರ್ಮೋನ್) 0.01ಕ್ಕಿಂತ ಕಡಿಮೆ. ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಔಷಧಿ) ಶುರು ಮಾಡಬಹುದೇ?

ಉತ್ತರ: ಈ ವರದಿ ನೋಡಿ ಬೇಡ. ಟಿಎಸ್‌ಎಚ್ ಸಾಲನ್ನು ಮೊದಲು ಹೊಡೆದುಹಾಕಿ. ಟಿ4 ಮನುಷ್ಯರಲ್ಲೂ ನಾಯಿಯಲ್ಲೂ ಒಂದೇ ಅಣು. ಟಿಎಸ್‌ಎಚ್ ಹಾಗಲ್ಲ, ಅದು ಪ್ರೋಟೀನ್. ಪ್ರಾಣಿ ಬದಲಾದರೆ ರಚನೆಯೂ ಬದಲಾಗುತ್ತದೆ. ಮನುಷ್ಯರ ಕಿಟ್‌ನ ಆಂಟಿಬಾಡಿಗೆ ನಾಯಿಯ ಟಿಎಸ್‌ಎಚ್ ಸರಿಯಾಗಿ ಸಿಕ್ಕುವುದಿಲ್ಲ, ರಕ್ತದಲ್ಲಿ ಹೇರಳವಾಗಿದ್ದರೂ ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಟಿ4 ಕೂಡ ಅರ್ಧ ನಂಬಿಕೆಯದೇ. ಮನುಷ್ಯರಲ್ಲಿ 5ರಿಂದ 12ರ ಆಸುಪಾಸು ಇರುವುದು ನಾಯಿಯಲ್ಲಿ 1ರಿಂದ 4 ಅಷ್ಟೇ. ನಿಮಗೆ ಉತ್ತರ ಬೇಕಾದ ಕೆಳತುದಿಯಲ್ಲೇ ಆ ಕಿಟ್ ತಡವರಿಸುತ್ತದೆ.

ಜೊತೆಗೆ ಫಿನೋಬಾರ್ಬಿಟಾಲೇ ಟಿ4 ಇಳಿಸುತ್ತದೆ. ಸ್ಟೀರಾಯ್ಡ್, ಸಲ್ಫಾ ಔಷಧಿ, ಬೇರೆ ಯಾವುದೇ ಗಂಭೀರ ಕಾಯಿಲೆಯೂ ಅಷ್ಟೇ.

ಪ್ರಶ್ನೆ: ಹಾಗಾದರೆ ಫಿನೋಬಾರ್ಬಿಟಾಲ್ ನಿಲ್ಲಿಸಿ ಮತ್ತೆ ಪರೀಕ್ಷಿಸಲೇ?

ಉತ್ತರ: ಖಂಡಿತ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು. ಔಷಧಿ ನಡೆಯುತ್ತಿರುವಾಗಲೇ ಪಶುವೈದ್ಯಕೀಯ ಲ್ಯಾಬಿನಲ್ಲಿ ಮೂರನ್ನು ಒಟ್ಟಿಗೆ ಮಾಡಿಸಿ: ಈಕ್ವಿಲಿಬ್ರಿಯಂ ಡಯಾಲಿಸಿಸ್ (ಪೊರೆಯ ಮೂಲಕ ಬೇರ್ಪಡಿಸಿ ಅಳೆಯುವ) ವಿಧಾನದ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4), ನಾಯಿಯದೇ ಟಿಎಸ್‌ಎಚ್, ಥೈರೊಗ್ಲೋಬ್ಯುಲಿನ್ ಆಂಟಿಬಾಡಿ (ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿರುವುದರ ಸುಳಿವು). ಫಾರ್ಮಿನಲ್ಲಿ ಔಷಧಿಯ ಹೆಸರು ಬರೆಯಿರಿ. ಫಿನೋಬಾರ್ಬಿಟಾಲ್‌ನಿಂದ ಟಿಎಸ್‌ಎಚ್ ತುಸು ಏರುವುದೂ ಉಂಟು. ಟಿಎಸ್‌ಎಚ್ ಸಹಜವಾಗಿ ಬಂತೆಂದು ಕಾಯಿಲೆಯಿಲ್ಲ ಎನ್ನುವಂತಿಲ್ಲ. ಥೈರಾಯ್ಡ್ ನಿಜವಾಗಿ ಕುಗ್ಗಿದ ನಾಯಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಅದು ಸಹಜವೇ ಇರುತ್ತದೆ.

ರಕ್ತ ಸಾದಾ ಟ್ಯೂಬಿನಲ್ಲಿರಲಿ, ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬ್ ಬೇಡ. ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ, ಸೀರಂ ಅನ್ನು ಪ್ಲಾಸ್ಟಿಕ್ ಟ್ಯೂಬಿಗೆ ವರ್ಗಾಯಿಸಿ, ಐಸ್ ಪ್ಯಾಕ್ ಇಟ್ಟು ಕಳಿಸಿ. ದಾರಿಯಲ್ಲಿ ಬಿಸಿಯಾದರೆ ಫ್ರೀ ಟಿ4 ಹುಸಿಯಾಗಿ ಏರಿ, ಕಾಯಿಲೆ ಮರೆಯಾದೀತು.

ಇನ್ನೊಬ್ಬರ ಪ್ರಶ್ನೆ: 12 ವರ್ಷದ ಬೆಕ್ಕು ಸೊರಗುತ್ತಿದೆ, ಟಿ4 ಸಹಜ ಮಿತಿಯ ಮೇಲಂಚಿನಲ್ಲಿದೆ. ಇದೇ ಪರೀಕ್ಷೆಗಳು ಸಾಕೇ?

ಉತ್ತರ: ಬೆಕ್ಕಿನಲ್ಲಿ ಹುಡುಕುವುದು ತಿರುಗಾಮುರುಗಾ, ಹಾರ್ಮೋನ್ ಹೆಚ್ಚಾಗಿದೆಯೇ ಎಂದು. ನಾಯಿಯ ಟಿಎಸ್‌ಎಚ್ ಕಿಟ್ ಇಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ: ಟಿಎಸ್‌ಎಚ್ ಸ್ಪಷ್ಟವಾಗಿ ಅಳತೆಗೆ ಸಿಕ್ಕರೆ ಥೈರಾಯ್ಡ್ ಹೆಚ್ಚಳದ ಸಾಧ್ಯತೆ ಬಹಳ ಕಡಿಮೆ. ಸಿಗದಿದ್ದರೆ ಅದೊಂದೇ ಸಾಕ್ಷಿಯಲ್ಲ, ಆರೋಗ್ಯವಂತ ಬೆಕ್ಕಿನಲ್ಲೂ ಕೆಲವೊಮ್ಮೆ ಸಿಗುವುದಿಲ್ಲ. 2ರಿಂದ 4 ವಾರ ಬಿಟ್ಟು ಟಿ4, ಫ್ರೀ ಟಿ4 ಜೊತೆಯಾಗಿ ಮಾಡಿಸಿ. ಫ್ರೀ ಟಿ4 ಒಂದನ್ನೇ ನೆಚ್ಚಬೇಡಿ. ಬೇರೆ ಕಾಯಿಲೆಯಿರುವ ಬೆಕ್ಕಿನಲ್ಲೂ ಅದು ಏರಬಹುದು. ಕಿಡ್ನಿ ಪರೀಕ್ಷೆಯನ್ನೂ ಅದೇ ರಕ್ತದಲ್ಲಿ ಮುಗಿಸಿಕೊಳ್ಳಿ.