ಪಗಾರದಿಂದ ಯೂನಿಯನ್ ವಂತಿಗೆ: ಕೇಳದೆ ಹಿಡಿಯಬಹುದೇ?

ಕಾಳಿದಂಡೆ:
ಕಾರವಾರ ತಾಲೂಕಿನ ಒಂದು ಖಾಸಗಿ ಕಾರ್ಖಾನೆ, ಕಾಯಂ ಕೆಲಸಗಾರರು 140ರ ಆಸುಪಾಸು. ಪಗಾರ ಚೀಟಿಯಲ್ಲಿ ಪಿಎಫ್, ಇಎಸ್‌ಐ ಕೆಳಗೆ ‘ಯೂನಿಯನ್ 150’ ಅಂತ ತಿಂಗಳು ತಿಂಗಳು ಹಿಡಿಯುತ್ತಾರೆ. ಕೇಳಿದರೆ ಆಫೀಸಿನವರು “ಎಲ್ಲರಿಗೂ ಕಡ್ಡಾಯ” ಅನ್ನುತ್ತಾರೆ. ಹೌದೇ? ನಿಲ್ಲಿಸಿದರೆ ಹೊಸ ವೇತನ ಒಪ್ಪಂದದ ಏರಿಕೆ ತಪ್ಪುತ್ತದೆಯೇ? ಒಪ್ಪಂದದ ಹಿಂಬಾಕಿಯಲ್ಲೂ ಶೇ. 10 ಯೂನಿಯನ್‌ಗೆ ಎಂಬ ಮಾತಿದೆ.

ಹಾಜರಿಪಟ್ಟಿ:
ಕಡ್ಡಾಯ ಅಲ್ಲ. ಪಿಎಫ್, ಇಎಸ್‌ಐ ಹಿಡಿಯಲು ನಿಮ್ಮ ಒಪ್ಪಿಗೆ ಬೇಕಿಲ್ಲ, ಅದು ಕಾನೂನಿನ ಕಡಿತ. ಯೂನಿಯನ್ ವಂತಿಗೆಯನ್ನು ಮಾಲೀಕರು ಹಿಡಿಯಬೇಕಾದರೆ ಕೆಲಸಗಾರನ ಲಿಖಿತ ಒಪ್ಪಿಗೆ ಇರಲೇಬೇಕು, ಯೂನಿಯನ್ ನೋಂದಾಯಿತವೂ ಆಗಿರಬೇಕು. 1936ರ ವೇತನ ಪಾವತಿ ಕಾಯ್ದೆಯ 7ನೇ ಕಲಂ ಹೇಳಿದ್ದು ಇದನ್ನೇ. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ 18ನೇ ಕಲಂ ಹೇಳುವುದೂ ಇದನ್ನೇ. ಅಮೆರಿಕದ ಸುದ್ದಿ ಓದಿ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿ ಸದಸ್ಯರಲ್ಲದ ಸರ್ಕಾರಿ ನೌಕರರಿಂದಲೂ ಶುಲ್ಕ ಹಿಡಿಯುವ ಪದ್ಧತಿ ಹಲವು ರಾಜ್ಯಗಳಲ್ಲಿತ್ತು, 2018ರಲ್ಲಿ ಅವರ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಮ್ಮಲ್ಲಿ ಯೂನಿಯನ್ ಸೇರಿದರೆ ಮಾತ್ರ ಕೆಲಸ ಎಂಬ ವ್ಯವಸ್ಥೆಗೆ ಕಾನೂನಿನ ಬೆಂಬಲ ಇಲ್ಲ. ಸೇರು ಅಂತ ಯೂನಿಯನ್ ಬಲವಂತ ಮಾಡಿದರೂ, ಸೇರಬೇಡ ಅಂತ ಮಾಲೀಕರು ಹೆದರಿಸಿದರೂ ಅದು ಅನುಚಿತ ಕಾರ್ಮಿಕ ಪದ್ಧತಿ.

ಆದರೆ ಜಗಳಕ್ಕೆ ಹೋಗುವ ಮೊದಲು ನಿಮ್ಮ ಒಪ್ಪಿಗೆ ಪತ್ರದ ಪ್ರತಿ ಕೇಳಿ. ಹತ್ತರಲ್ಲಿ ಎಂಟು ಪ್ರಕರಣ ಇಲ್ಲೇ ಮುಗಿಯುತ್ತವೆ. ಕೆಲಸಕ್ಕೆ ಸೇರಿದ ದಿನ ಪಿಎಫ್ ನಾಮನಿರ್ದೇಶನ, ಬ್ಯಾಂಕ್ ಫಾರಂ ಜೊತೆ ಇಂಗ್ಲಿಷಿನ ಇನ್ನೊಂದು ಹಾಳೆಗೂ ಸಹಿ ಹಾಕಿಸಿರುತ್ತಾರೆ, ಯಾರೂ ಓದಿರುವುದಿಲ್ಲ. ಹಾಳೆ ಇದ್ದರೆ ಈವರೆಗಿನ ಕಡಿತ ಸಿಂಧು, ಮುಂದಿನದನ್ನು ನಿಲ್ಲಿಸಬಹುದು. ಇಲ್ಲದಿದ್ದರೆ ಹಿಡಿದದ್ದನ್ನು ವಾಪಸ್ ಕೇಳಬಹುದು.

ನಿಲ್ಲಿಸುವ ಪತ್ರ ನಾಲ್ಕು ಸಾಲು ಸಾಕು: ಹೆಸರು, ಟೋಕನ್ ನಂಬರ್, ‘ನನ್ನ ವೇತನದಿಂದ ಯೂನಿಯನ್ ವಂತಿಗೆ ಕಡಿತಕ್ಕೆ ಕೊಟ್ಟ ಒಪ್ಪಿಗೆಯನ್ನು ಇಂತಿಂಥ ತಿಂಗಳಿನಿಂದ ಹಿಂಪಡೆದಿದ್ದೇನೆ’, ದಿನಾಂಕ, ಸಹಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಟಪಾಲು ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್. ಹಾಜರಿ ಲೆಕ್ಕ ಮುಗಿಯುವ ಮುಂಚೆ ಕೊಡಬೇಕು, ತಡವಾದರೆ ಇನ್ನೊಂದು ತಿಂಗಳು ಹೋಗುತ್ತದೆ. ಮೂವತ್ತು ಜನ ಸೇರಿ ಒಂದೇ ಅರ್ಜಿಗೆ ಸಹಿ ಹಾಕಬೇಡಿ. ಒಪ್ಪಿಗೆ ಕೊಟ್ಟವರು ಬೇರೆ ಬೇರೆ, ಹಿಂಪಡೆಯುವ ಕಾಗದವೂ ಬೇರೆ ಬೇರೆ ಇರಲಿ.

ಇಷ್ಟಾದರೂ ಹಿಡಿದರೆ ಕಾರವಾರದ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ. ಕೈಗಾ, ಕೊಂಕಣ ರೈಲ್ವೆಯಂಥ ಕಡೆಯವರಾದರೆ ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆ. ಹೊಸ ಸಂಹಿತೆಯಡಿ ಕ್ಲೇಮಿಗೆ 3 ವರ್ಷ ಗಡುವಿದೆ, ಪರಿಹಾರ ಕ್ಲೇಮಿನ ಹತ್ತು ಪಟ್ಟಿನವರೆಗೂ ಹೋಗಬಹುದು. 1936ರ ಕಾಯ್ದೆಯಲ್ಲಿ ಗಡುವು 12 ತಿಂಗಳು ಮಾತ್ರ ಇತ್ತು, ಹಾಗಾಗಿ ಹಳೆಯ ಕಡಿತಗಳ ವಿಷಯದಲ್ಲಿ ತಡ ಮಾಡಬೇಡಿ.

ರಸೀದಿಪುಸ್ತಕ:
ಮೇಲಿನದು ಸರಿ, ಆದರೆ ಒಂದು ಬಿಟ್ಟುಹೋಗಿದೆ. ಕಡಿತ ನಿಲ್ಲಿಸಿದ ಮಾತ್ರಕ್ಕೆ ಸದಸ್ಯತ್ವ ಹೋಗುವುದಿಲ್ಲ. ವಂತಿಗೆ ಬಾಕಿ ಬೆಳೆಯುತ್ತಲೇ ಇರುತ್ತದೆ, ಬಾಕಿದಾರನಿಗೆ ಸಂಘದ ಚುನಾವಣೆಯಲ್ಲಿ ಮತ ಇಲ್ಲ ಎಂದು ಎಷ್ಟೋ ಸಂಘಗಳ ನಿಯಮಾವಳಿಯಲ್ಲಿದೆ. ಬಿಡುವುದಾದರೆ ಕಾರ್ಯದರ್ಶಿಗೆ ರಾಜೀನಾಮೆ ಬೇರೆಯೇ ಕೊಡಬೇಕು. ಇರುವುದಾದರೆ ಕೈಯಿಂದ ಕಟ್ಟಿ ರಸೀದಿ ಪಡೆಯಿರಿ.

ಏರಿಕೆಯ ಪ್ರಶ್ನೆ: ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಸದಸ್ಯರಲ್ಲದವರಿಗೂ ಅನ್ವಯಿಸುತ್ತದೆ. ಮಾಲೀಕರು ಮತ್ತು ಯೂನಿಯನ್ ತಮ್ಮಲ್ಲೇ ಮಾಡಿಕೊಂಡದ್ದು ಸಹಿ ಹಾಕಿದ ಪಕ್ಷಗಳಿಗೆ ಮಾತ್ರ. ಒಪ್ಪಂದದ ಮೊದಲ ಪುಟದಲ್ಲಿ ಯಾವ ಕಲಂ ಅಂತ ಬರೆದಿರುತ್ತದೆ, ನೋಡಿ.

ಶೇ. 10ರ ವಿಷಯ ಅಷ್ಟು ಸುಲಭ ಅಲ್ಲ. 1984ರಲ್ಲಿ ಬಾಮರ್ ಲಾರಿ ಕಂಪನಿಯ ಪ್ರಕರಣದಲ್ಲಿ ಹಿಂಬಾಕಿಯ ಶೇ. 15ನ್ನು ಸದಸ್ಯರಲ್ಲದವರಿಂದಲೂ ಯೂನಿಯನ್ ನಿಧಿಗೆ ಹಿಡಿಯುವ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ಅದು ಮಹಾರಾಷ್ಟ್ರದ 1971ರ ಕಾಯ್ದೆಯಡಿ ಮಾನ್ಯತೆ ಪಡೆದ ಯೂನಿಯನ್ನಿನ ಒಪ್ಪಂದ. ಆ ಕಾಯ್ದೆ ಕರ್ನಾಟಕಕ್ಕಿಲ್ಲ. ತೀರ್ಪಿನ ಹೆಸರು ಹೇಳಿ ಹೆದರಿಸಿದರೆ ಈ ವ್ಯತ್ಯಾಸ ಎತ್ತಿ ತೋರಿಸಿ. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಲಿಖಿತ ಆಕ್ಷೇಪ ಕೊಡುವುದು ಜಾಣತನ, ದುಡ್ಡು ಕೈಬಿಟ್ಟ ಮೇಲೆ ಹಿಂದೆ ಓಡುವುದು ಕಷ್ಟ.

ಇದನ್ನೂ ಹೇಳಿಬಿಡುತ್ತೇನೆ: ಚೌಕಾಸಿ, ವಕೀಲರ ಫೀ, ಕಾರವಾರ–ಬೆಂಗಳೂರು ಓಡಾಟ ಎಲ್ಲ ಈ 150 ರೂಪಾಯಿಯಿಂದಲೇ ನಡೆಯುವುದು. ಬಿಡುವ ಮೊದಲು ಲೆಕ್ಕ ಕೇಳಿ. ಲೆಕ್ಕಪುಸ್ತಕ, ಸದಸ್ಯರ ಪಟ್ಟಿ ನೋಡುವ ಹಕ್ಕು 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲೇ ಸದಸ್ಯನಿಗಿತ್ತು. ರಾಜಕೀಯ ನಿಧಿ ಬೇರೆಯೇ ಇರಬೇಕು, ಅದಕ್ಕೆ ಕೊಡಲೇಬೇಕು ಅನ್ನುವಂತಿಲ್ಲ. ಆ ಕಾಯ್ದೆಯ ಬದಲಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ.

ಕಾಳಿದಂಡೆ:
ಒಪ್ಪಿಗೆ ಹಾಳೆ ಸಿಕ್ಕಿತು, ಸಹಿ ಇದೆ, ಮೊತ್ತದ ಜಾಗ ಖಾಲಿ! ಡಿಸೆಂಬರಿನಲ್ಲಿ ಮಾತ್ರ ಬರುವ ‘ಎಲ್‌ಡಬ್ಲ್ಯುಎಫ್’ ಕೂಡ ಯೂನಿಯನ್ನಿನದೇ?

ಹಾಜರಿಪಟ್ಟಿ:
ಅಲ್ಲ. ಅದು ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ, ಸರ್ಕಾರದ್ದು, ವರ್ಷಕ್ಕೊಮ್ಮೆ. ಮಕ್ಕಳ ವಿದ್ಯಾರ್ಥಿವೇತನ ಅದರಿಂದಲೇ ಬರುತ್ತದೆ, ತಕರಾರು ಎತ್ತಬೇಡಿ. ಖಾಲಿ ಜಾಗದ ಜೆರಾಕ್ಸ್ ಈಗಲೇ ಮಾಡಿಟ್ಟುಕೊಳ್ಳಿ, ನಾಳೆ ಯಾರಾದರೂ ತುಂಬಿಯಾರು.

ಘಟ್ಟದಮೇಲೆ:
ಶಿರಸಿ ಅಡಿಕೆ ಮಂಡಿಯಲ್ಲಿ ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲರಿಗೂ ಇದೇ ನಿಯಮವೇ?

ರಸೀದಿಪುಸ್ತಕ:
ದುಡ್ಡು ಯಾರ ಕೈಯಿಂದ ಬರುತ್ತದೆ ನೋಡಿ. ಅಂಗಡಿಯವರೇ ಹಿಡಿದು ಸಂಘಕ್ಕೆ ಕೊಟ್ಟರೆ ಅದು ವೇತನದ ಕಡಿತವೇ ಅನ್ನುವ ವಾದಕ್ಕೆ ಜಾಗ ಇದೆ. ಮಜೂರಿ ಸಂಘಕ್ಕೆ ಬಂದು ಅಲ್ಲಿ ಪಾಲು ಮುರಿದುಕೊಂಡರೆ ಅದು ಸಂಘದ ನಿಯಮಾವಳಿಯ ವಿಷಯ. 1926ರ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಲ್ಲಿ ಗ್ರಾಮೀಣ ಕೆಲಸಗಾರರಿಗೆ ವರ್ಷಕ್ಕೆ 1 ರೂ., ಉಳಿದ ಅಸಂಘಟಿತರಿಗೆ 3 ರೂ., ಮಿಕ್ಕವರಿಗೆ 12 ರೂ. ಅಂತ ಇದ್ದದ್ದು ಕನಿಷ್ಠ ವಂತಿಗೆ, ಗರಿಷ್ಠ ಅಲ್ಲ. ಚೀಲಕ್ಕೆ ಇಷ್ಟು ಪೈಸೆ ಎಂಬ ಠರಾವು ಯಾವ ಸಭೆಯಲ್ಲಿ ಆಯಿತು, ಆ ಪುಟ ತೋರಿಸಿ ಅಂತ ಕೇಳಿ.