ಎಂಜಿನ್ ‘ಕಸಿ’ಯೋ, ‘ಕೂರಿಸುವುದೋ’?

ಹಳೆಯ ಕಾರಿನ ಎಂಜಿನ್ ಇಳಿಸಿ ಬೇರೆ ಜಾತಿಯ ಎಂಜಿನ್ ಹಾಕುವುದಕ್ಕೆ ಏನನ್ನಬೇಕು? ಒಂದು ಬರಹದಲ್ಲಿ ನಾನು ‘ಎಂಜಿನ್ ಕಸಿ’ ಎಂದುಬಿಟ್ಟೆ. ಹೃದಯ ಕಸಿ, ಮೂತ್ರಪಿಂಡ ಕಸಿ ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅದೇ ಧೈರ್ಯ. ತೋಟ ಮಾಡುವ ಗೆಳೆಯರೊಬ್ಬರು ತಕರಾರು ತೆಗೆದರು: ಮಾವಿಗೆ ಮಾವು ಕಸಿ ಕಟ್ಟುತ್ತಾರೆ, ಮಾವಿಗೆ ಹಲಸು ಕಟ್ಟಿದವರುಂಟೇನ್ರಿ?

ನಾನು ಬರೆದದ್ದು ಹಲಸಿನ ಕತೆಯೇ. ಪಾಂಡವಪುರದ ಕಡೆ ಪರಿಚಿತರೊಬ್ಬರ ಕೊಟ್ಟಿಗೆಯಲ್ಲಿ ಫಿಯೆಟ್ 1100 ಡಿ ನಿಂತಿದೆ. ಮೂಲ ಎಂಜಿನ್ 1089 ಸಿ.ಸಿ. ಪೆಟ್ರೋಲ್. ಆ ಜಾಗಕ್ಕೆ ಹಳೆ ಮಹೀಂದ್ರ ಜೀಪಿನ 2112 ಸಿ.ಸಿ. ಪ್ಯೂಜೋ ಕಂಪನಿಯ ಡೀಸೆಲ್ ಎಂಜಿನ್ ತಂದಿದ್ದಾರೆ, ಹೆಚ್ಚೂಕಮ್ಮಿ ಎರಡರಷ್ಟು. ಭಾರ ಎತ್ತಿಳಿಸುವ ಚೈನ್ ಬ್ಲಾಕಿನಿಂದ ಇಳಿಸಿ ನೋಡಿದರೆ ಸಂಪು, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿ, ಕಾರಿನ ಅಡ್ಡಪಟ್ಟಿಗೆ ತಾಗುತ್ತದೆ, ಗೇರ್‌ಬಾಕ್ಸಿನ ಬೋಲ್ಟ್ ತೂತುಗಳು ಒಂದಕ್ಕೊಂದು ಸೇರುವುದಿಲ್ಲ, ರೇಡಿಯೇಟರಿಗೆ ಜಾಗವೇ ಇಲ್ಲ. ಮೇಸ್ತ್ರಿಗೆ ಮಾತ್ರ ಚಿಂತೆಯಿಲ್ಲ. “ಕುಂತ್ಕತದೆ ಬುಡಿ ಸಾ, ವಸಿ ಕುಯ್ದ್ರೆ ಆಯ್ತು.”

ಗ್ಯಾರೇಜಿನ ಮಾತು ಇದೇ, ‘ಕೂರಿಸು’. ಮೈಸೂರಿನವರು ದಸರೆಗೆ ಗೊಂಬೆ ಕೂರಿಸುತ್ತೇವೆ, ಗೌರಿಯ ಮಾರನೇ ದಿನ ಗಣಪತಿ ಕೂರಿಸುತ್ತೇವೆ. (ಕೂರಿಸಿದ್ದು ಎದ್ದು ಓಡಲಿ ಎಂದು ಯಾರೂ ಕಾಯುವುದಿಲ್ಲ ಅನ್ನಿ.)

ನನಗೆ ಸೋಜಿಗವಾಗಿರುವುದು ಇದರ ಮೂಲವಾದ ‘ಕೂರು’. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಿದೆ ಎಂದರೆ ಹೊಂದಿದೆ ಎಂದರ್ಥ. ಪಾಯ ಕೂತಿದೆ ಎಂದರೆ ಕುಸಿದಿದೆ. ಈ ಫಿಯೆಟ್ಟಿನಲ್ಲಿ ಎರಡೂ ಒಟ್ಟಿಗೆ ಆಗುತ್ತವೆ: ಎಂಜಿನ್ ಕೂರಿಸಿದರೆ ಅದರ ಭಾರಕ್ಕೆ ಮುಂದಿನ ಕಾಯಿಲ್ ಸ್ಪ್ರಿಂಗೂ ಕೂರುತ್ತದೆ, ಕಾರು ಮೂಗು ನೆಲಕ್ಕಿಡುತ್ತದೆ. ಇನ್ನು ಕೆಲಸ ಮುಗಿಯದೆ ಇಡೀ ಗಾಡಿ ಆರು ವರ್ಷದಿಂದ ಕೂತಿರುವುದು ಮೂರನೆಯ ಅರ್ಥ. ಒಂದೇ ಧಾತು ಇಷ್ಟನ್ನೂ ಹೊರುವಾಗ ‘ಕಸಿ’ ಯಾಕೆ ಬೇಕಿತ್ತೋ ನನಗೆ!

‘ಎಂಜಿನ್ ಬದಲಾವಣೆ’ ಎಂಬುದು ಕಚೇರಿಯ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅರ್ಜಿ ಬರೆಯಲು ಸಾಕು. ಆದರೆ ಅದೇ ಮಾದರಿಯ ಎಂಜಿನ್ ಹಾಕಿದರೂ ಅದೇ ಪದ, ಈ ಹುಚ್ಚಿಗೂ ಅದೇ. ಇನ್ನೊಬ್ಬರು ‘ಪರಕಾಯ ಪ್ರವೇಶ’ ಅಂದರು. ಚೆನ್ನಾಗಿದೆ, ಆದರೆ ಅದರಲ್ಲಿ ದೇಹ ಎದ್ದು ನಡೆಯಬೇಕಲ್ಲ.

ಈಗ ಬಲ್ಲವರಲ್ಲಿ ನನ್ನ ಪ್ರಶ್ನೆ. ‘ಕೂರಿಸು’ವಿನಿಂದ ಒಂದು ನಾಮಪದ ಬೇಕು. ‘ಕೂರಿಕೆ’ ಎಂದರೆ ನನ್ನ ಕಿವಿಗೆ ‘ಕೋರಿಕೆ’ ಎಂದು ಕೇಳುತ್ತದೆ. ‘ಕೂರಿಸುವಿಕೆ’ ವ್ಯಾಕರಣ ಪುಸ್ತಕದಿಂದ ಎದ್ದು ಬಂದಂತಿದೆ. ಮತ್ತೆ, ಧಾರವಾಡದ ಕಡೆ ‘ಕುಂದ್ರಸು’ ಅನ್ನುತ್ತೀರಲ್ಲ, ಅಲ್ಲಿ ಸವೆದ ಸ್ಪ್ರಿಂಗಿಗೂ ‘ಕುಂತೈತಿ’ ಅಂತಲೇ ಅನ್ನುತ್ತೀರಾ?